ಹೊಲದ ಮಾತು ವಿಧಾನಸೌಧ ಮುಟ್ಟಲಿ: ಬೆಳೆ ಕಾಯುವ ಬಂದೂಕಿಗಾಗಿ 14 ಸೂತ್ರಗಳು

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಹಂದಿ ಹಿಂಡು ಹೊಲಕ್ಕೆ ಇಳಿಯುತ್ತದೆ. ಗುಡ್ಡದ ಅಂಚಿನ ಊರುಗಳಲ್ಲಿ ಕರಡಿಯ ಭಯ ಬೇರೆ. ಸಾಲ ತಂದು ಬಿತ್ತಿ, ಮಳೆಗೆ ಕಾದು, ಕಳೆ ತೆಗೆಸಿ ಉಳಿಸಿಕೊಂಡ ಬೆಳೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುತ್ತದೆ. ಆಗ ಏಳುವ ಮಾತು ಒಂದೇ: ‘ಬೆಳೆ ಕಾಯೋಕೆ ಒಂದು ಬಂದೂಕಿನ ಲೈಸೆನ್ಸ್ ಕೊಡಿ, ಇಲ್ಲಾ ಹಂದಿ ಕಾಟಕ್ಕೆ ನೀವೇ ದಾರಿ ಮಾಡಿ.’

ಈ ಮಾತು ಕಟ್ಟೆಯ ಮೇಲೆ ಏಳುತ್ತದೆ, ಅಲ್ಲೇ ಕೂರುತ್ತದೆ. ಅದು ತಾಲ್ಲೂಕು ಕಚೇರಿ ದಾಟಿ ಸದನ ಮುಟ್ಟಬೇಕಾದರೆ ರೈತರೇ ಅದನ್ನು ಹೊತ್ತು ನಡೆಯಬೇಕು. ಸಿಟ್ಟಿನಿಂದ ಆಗದ ಕೆಲಸ ಸಿದ್ಧತೆಯಿಂದ ಆಗುತ್ತದೆ. ಅಧಿಕಾರ ಇರುವವರನ್ನು ಗುರುತಿಸಿ, ಸರಿಯಾದ ಹೊತ್ತಿಗೆ, ಕಾಗದದ ಮೇಲೆ ಕೇಳಿದರೆ ಶಾಸಕರು ಕಿವಿಗೊಡಲೇಬೇಕಾಗುತ್ತದೆ. ಅದಕ್ಕೆ ಬೇಕಾದ ಸೂತ್ರಗಳು ಇಲ್ಲಿವೆ.

1. ಬೇಡಿಕೆಯನ್ನು ಒಂದೇ ವಾಕ್ಯಕ್ಕೆ ಇಳಿಸಿ

‘ರೈತರಿಗೆ ನ್ಯಾಯ ಕೊಡಿ’ ಎಂದರೆ ಯಾರೂ ಇಲ್ಲ ಅನ್ನುವುದಿಲ್ಲ, ಯಾರೂ ಏನೂ ಮಾಡುವುದೂ ಇಲ್ಲ. ನಿಮಗೆ ನಿಜವಾಗಿ ಬೇಕಾಗಿರುವುದು ಏನು? ಬಾಕಿ ಬಿದ್ದ ಲೈಸೆನ್ಸ್ ಅರ್ಜಿಗಳ ವಿಲೇವಾರಿಯೇ? ಚುನಾವಣೆ ಬಂದಾಗ ಬಂದೂಕು ಠಾಣೆಗೆ ಒಪ್ಪಿಸುವುದರಿಂದ ವಿನಾಯಿತಿಯೇ? ಬೆಳೆ ಹಾನಿ ಪರಿಹಾರ ಬೇಗ ಸಿಗಬೇಕೇ? ಹಂದಿ ಕೊಲ್ಲಲು ಅರಣ್ಯ ಇಲಾಖೆಯ ಅನುಮತಿ ಬೇಕೇ? ಇವು ನಾಲ್ಕೂ ಬೇರೆ ಬೇರೆ ಮೇಜಿನ ಮೇಲಿನ ಕಡತಗಳು. ಒಂದು ಭೇಟಿಗೆ ಒಂದು ಬೇಡಿಕೆ ಸಾಕು. ಊರಿನ ಹತ್ತು ಜನ ಕೂತು ಅದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಎಲ್ಲರ ಬಾಯಲ್ಲೂ ಅದೇ ವಾಕ್ಯ ಬರಲಿ.

2. ಯಾರ ಕೈಯಲ್ಲಿ ಏನಿದೆ ಎಂದು ತಿಳಿದೇ ಮೆಟ್ಟಿಲು ಹತ್ತಿ

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಶಸ್ತ್ರಾಸ್ತ್ರ ಮತ್ತು ಮದ್ದುಗುಂಡಿನ ವಿಷಯ ಕೇಂದ್ರ ಪಟ್ಟಿಯಲ್ಲಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯೂ 2016ರ ಶಸ್ತ್ರಾಸ್ತ್ರ ನಿಯಮಗಳೂ ಕೇಂದ್ರದವು. ‘ಬಂದೂಕಿನ ಕಾನೂನು ಬದಲಿಸಿ’ ಎಂದು ಶಾಸಕರನ್ನು ಕೇಳಿದರೆ ಅವರ ಕೈಯಲ್ಲಿ ಇಲ್ಲದ್ದನ್ನು ಕೇಳಿದಂತೆ. ಆದರೆ ಬೆಳೆ ರಕ್ಷಣೆಯ ಲೈಸೆನ್ಸ್ ಕೊಡುವವರು ಚಿತ್ರದುರ್ಗದ ಜಿಲ್ಲಾಧಿಕಾರಿ, ಜಿಲ್ಲಾ ದಂಡಾಧಿಕಾರಿಯಾಗಿ. ವರದಿ ಕೊಡುವವರು ಪೊಲೀಸರು. ಇವರಿಬ್ಬರೂ ರಾಜ್ಯ ಸರ್ಕಾರಕ್ಕೆ ಉತ್ತರ ಕೊಡಬೇಕಾದವರು, ರಾಜ್ಯ ಸರ್ಕಾರ ಸದನಕ್ಕೆ ಉತ್ತರ ಕೊಡಬೇಕು.

ವನ್ಯಜೀವಿಗಳ ರಕ್ಷಣೆಯ ಲೆಕ್ಕ ಬೇರೆ. ಅದು ಸಮವರ್ತಿ ಪಟ್ಟಿಯ ವಿಷಯ. ರಾಜ್ಯ ಶಾಸಕಾಂಗ ತಿದ್ದುಪಡಿ ಮಸೂದೆ ತರಬಹುದು, ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬೇಕು. ಕೇರಳ ವಿಧಾನಸಭೆ 2025ರಲ್ಲಿ ಇಂಥದೇ ಮಸೂದೆಯನ್ನು ಅಂಗೀಕರಿಸಿತು. ಭದ್ರಾ ಮೇಲ್ದಂಡೆಯ ನೀರಿಗಾಗಿ ಕಾದು ಕೂತಿರುವ ಈ ಎರಡು ತಾಲ್ಲೂಕಿನ ಜನಕ್ಕೆ ಬೆಂಗಳೂರು ದೆಹಲಿಯತ್ತ, ದೆಹಲಿ ಬೆಂಗಳೂರಿನತ್ತ ಕೈ ತೋರಿಸುವುದು ಹೊಸದೇನಲ್ಲ. ಯಾವ ಕೆಲಸ ಯಾರದು ಎಂದು ಮೊದಲೇ ಬೇರ್ಪಡಿಸಿಕೊಂಡು ಹೋದವರಿಗೆ ಆ ಉತ್ತರ ಕೊಡಲು ಆಗುವುದಿಲ್ಲ.

3. ನಿಮ್ಮೂರಿನ ಶಾಸಕರು ಯಾರೆಂದು ಖಚಿತ ಮಾಡಿಕೊಳ್ಳಿ

ತಾಲ್ಲೂಕಿನ ಗಡಿ ಬೇರೆ, ಕ್ಷೇತ್ರದ ಗಡಿ ಬೇರೆ. ನಾಯಕನಹಟ್ಟಿ ಚಳ್ಳಕೆರೆ ತಾಲ್ಲೂಕಿನಲ್ಲಿದ್ದರೂ ಮೊಳಕಾಲ್ಮೂರು ವಿಧಾನಸಭಾ ಕ್ಷೇತ್ರಕ್ಕೆ ಸೇರುತ್ತದೆ. ಎರಡೂ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. 2023ರ ಚುನಾವಣೆಯಲ್ಲಿ ಚಳ್ಳಕೆರೆಯಿಂದ ಟಿ. ರಘುಮೂರ್ತಿ, ಮೊಳಕಾಲ್ಮೂರಿನಿಂದ ಎನ್.ವೈ. ಗೋಪಾಲಕೃಷ್ಣ ಆರಿಸಿಬಂದರು. ನಾಯಕನಹಟ್ಟಿ ಕಡೆಯ ರೈತರು ತಹಶೀಲ್ದಾರರ ಬಳಿ ಹೋಗುವಾಗ ಚಳ್ಳಕೆರೆಗೆ, ಶಾಸಕರ ಬಳಿ ಹೋಗುವಾಗ ಮೊಳಕಾಲ್ಮೂರಿನ ಶಾಸಕರಲ್ಲಿಗೆ ಹೋಗಬೇಕು. ಇದನ್ನು ತಿಳಿಯದೆ ಬೇರೆ ಕ್ಷೇತ್ರದವರ ಬಾಗಿಲಲ್ಲಿ ದಿನ ಕಳೆಯಬೇಡಿ. ಸಮಸ್ಯೆ ಎರಡೂ ಕಡೆ ಒಂದೇ ಆದ್ದರಿಂದ ಇಬ್ಬರು ಶಾಸಕರಿಗೂ ಒಂದೇ ಮನವಿ ಕೊಡಿ. ಇಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆಗೆ ಸದನದಲ್ಲಿ ತೂಕ ಹೆಚ್ಚು.

4. ಕಾಯ್ದೆಯ ನಾಲ್ಕು ಮಾತು ಬಾಯಲ್ಲಿರಲಿ

ವಕೀಲರೇ ಆಗಬೇಕಿಲ್ಲ, ಇಷ್ಟು ಗೊತ್ತಿದ್ದರೆ ಸಾಕು.

ಒಂದು: ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ, ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡುವ ವಿಷಯವನ್ನು ಹೆಸರಿಟ್ಟೇ ಹೇಳುತ್ತದೆ. ಆ ಬಂದೂಕು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯ ನಳಿಗೆಯ ಬಂದೂಕಿಗೂ ಅವಕಾಶವಿದೆ.

ಎರಡು: ಪೊಲೀಸ್ ವರದಿ ನಿಗದಿತ ಅವಧಿಯಲ್ಲಿ ಬಾರದಿದ್ದರೆ ಅದಕ್ಕೆ ಇನ್ನೂ ಕಾಯದೆ ಜಿಲ್ಲಾಧಿಕಾರಿ ಆದೇಶ ಮಾಡಬಹುದು. ಅದೂ 13ನೇ ಕಲಮಿನಲ್ಲೇ ಇದೆ.

ಮೂರು: ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ ಎನ್ನುತ್ತದೆ 14ನೇ ಕಲಂ. ಎರಡು ಎಕರೆಯ ರೈತನಿಗೆ ಇದಕ್ಕಿಂತ ದೊಡ್ಡ ಬಲ ಬೇರೆ ಬೇಕಿಲ್ಲ.

ನಾಲ್ಕು: ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. 18ನೇ ಕಲಂ ಪ್ರಕಾರ ಮೇಲ್ಮನವಿಗೆ ದಾರಿ ಇದೆ. ‘ಆಗಲ್ಲ ಹೋಗ್ರಿ’ ಎಂಬ ಬಾಯಿಮಾತು ಆದೇಶವಲ್ಲ; ಬರಹ ಕೇಳಿ, ಮೇಲ್ಮನವಿಯ ಗಡುವು ಮೀರಲು ಬಿಡಬೇಡಿ.

5. ಬಂದೂಕಿನಿಂದ ಏನು ಮಾಡಬಾರದು ಎಂಬುದೂ ಗೊತ್ತಿರಲಿ

ಬೆಳೆ ಕಾಯಲು ಲೈಸೆನ್ಸ್ ಇದ್ದ ಮಾತ್ರಕ್ಕೆ ಕಾಡುಪ್ರಾಣಿ ಕೊಲ್ಲುವ ಅನುಮತಿ ಸಿಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳು 2022ರ ತಿದ್ದುಪಡಿಯಿಂದ ಬದಲಾಗಿವೆ. ಕರಡಿ, ಕೃಷ್ಣಮೃಗ, ನವಿಲು ಮೊದಲನೇ ಅನುಸೂಚಿಯಲ್ಲಿವೆ, ಕಾಡುಹಂದಿ ಎರಡನೆಯದರಲ್ಲಿ. ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯವಾದಾಗ ಎರಡನೇ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಲು 11ನೇ ಕಲಂ ಅಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಬರಹದಲ್ಲಿ ಅನುಮತಿ ಕೊಡಬಹುದು. ಜೀವ ಉಳಿಸಿಕೊಳ್ಳಲು ಸದ್ಭಾವನೆಯಿಂದ ಪ್ರಾಣಿಯನ್ನು ಕೊಂದರೆ ಅದು ಅಪರಾಧವಲ್ಲ ಎಂದೂ ಅದೇ ಕಲಂ ಹೇಳುತ್ತದೆ.

ಇದನ್ನು ಶಾಸಕರ ಮುಂದೆ ನೀವೇ ಮೊದಲು ಹೇಳಿ. ‘ಸ್ವಾಮಿ, ಕರಡಿ ಕೊಲ್ಲಬೇಕು ಅಂತ ನಾವು ಕೇಳ್ತಿಲ್ಲ’ ಎಂದು ಶುರುಮಾಡಿದವರ ಉಳಿದ ಮಾತನ್ನು ಅರಣ್ಯಾಧಿಕಾರಿಯೂ ಕೇಳುತ್ತಾರೆ.

6. ಹಾನಿಗೆ ದಾಖಲೆ ಮಾಡಿ, ಪ್ರತಿ ಸಲವೂ ಮಾಡಿ

ಹೆಚ್ಚಿನ ರೈತರು ಎಡವುವುದು ಇಲ್ಲೇ. ಹಂದಿ ನುಗ್ಗಿದ ಮರುದಿನ ಬೈದುಕೊಂಡು ಮತ್ತೆ ಕೆಲಸಕ್ಕೆ ಇಳಿಯುತ್ತೇವೆ. ಅರಣ್ಯ ಇಲಾಖೆಗೆ ಅರ್ಜಿ ಹಾಕುವುದಿಲ್ಲ. ಅರ್ಜಿ ಇಲ್ಲದಿದ್ದರೆ ಸರ್ಕಾರದ ಪುಸ್ತಕದಲ್ಲಿ ಹಾನಿಯೇ ಇಲ್ಲ. ಸದನದಲ್ಲಿ ಸಚಿವರು ಓದುವ ಉತ್ತರ ಆ ಪುಸ್ತಕದಿಂದಲೇ ಬರುವುದು.

ಹಾನಿಯಾದ ದಿನವೇ ತಾರೀಖು, ಹೊತ್ತು ಕಾಣುವಂತೆ ಫೋಟೊ ತೆಗೆಯಿರಿ. ಹೆಜ್ಜೆ ಗುರುತು, ಕಿತ್ತು ಬಿದ್ದ ಬಳ್ಳಿ, ಹೊಲದ ಗಡಿ ಮೂರೂ ಇರಲಿ. ಪಹಣಿ, ಬೆಳೆ ಸಮೀಕ್ಷೆಯ ವಿವರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ಥಳ ಪರಿಶೀಲನೆಗೆ ಬಂದಾಗ ಅಕ್ಕಪಕ್ಕದ ಹೊಲದವರನ್ನು ಕರೆದು ಮಹಜರಿಗೆ ಸಹಿ ಹಾಕಿಸಿ. ಪರಿಹಾರ ಎಷ್ಟೇ ಕಡಿಮೆ ಬರಲಿ, ಅರ್ಜಿ ಬಿಡಬೇಡಿ. ಲೈಸೆನ್ಸ್ ಕೇಳುವ ದಿನ ‘ನಿಜವಾದ ಬೆಳೆ ರಕ್ಷಣೆ’ಗೆ ನಿಮ್ಮ ಸಾಕ್ಷಿ ಇದೇ.

7. ಗ್ರಾಮಸಭೆಯಿಂದ ಹೊರಡಿ

ಒಬ್ಬನ ಅರ್ಜಿ ಅವನ ಸ್ವಂತ ಕೆಲಸ. ಗ್ರಾಮಸಭೆಯ ಠರಾವು ಊರಿನ ಬೇಡಿಕೆ. ಗ್ರಾಮಸಭೆಯಲ್ಲಿ ವಿಷಯ ಎತ್ತಿ, ಚರ್ಚೆ ನಡೆಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಪಿಡಿಒ ಸಹಿ ಇರುವ ಪ್ರತಿ ಪಡೆಯಿರಿ. ಹಾನಿ ಅನುಭವಿಸಿದವರ ಹೆಸರು, ಸರ್ವೆ ನಂಬರು, ಬೆಳೆ, ತಾರೀಖಿನ ಪಟ್ಟಿ ಅದಕ್ಕೆ ಲಗತ್ತಾಗಲಿ.

ಪರಶುರಾಂಪುರ, ನಾಯಕನಹಟ್ಟಿ, ದೇವಸಮುದ್ರ, ರಾಂಪುರ ಹೀಗೆ ಬೇರೆ ಬೇರೆ ಕಡೆಯ ಪಂಚಾಯಿತಿಗಳಿಂದ ಒಂದೇ ಒಕ್ಕಣೆಯ ಠರಾವುಗಳು ಬಂದರೆ ಶಾಸಕರಿಗೆ ಅದು ಬರೀ ಸಮಸ್ಯೆಯಲ್ಲ, ಕ್ಷೇತ್ರದ ಜನಮತ. ಜಾತಿ, ಪಕ್ಷ, ಸಂಘದ ಬಣ ಯಾವುದೂ ಆ ಪಟ್ಟಿಯಲ್ಲಿ ಕಾಣಿಸಬಾರದು. ಹೊಲ ಇರುವವರು, ಕೋರು ಮಾಡುವವರು, ಕುರಿ ಮೇಯಿಸುವವರು ಎಲ್ಲರ ಹೆಸರೂ ಇರಲಿ.

8. ಮನವಿ ಒಂದು ಪುಟ ಮೀರದಿರಲಿ

ಶಾಸಕರ ಕೈಗೆ ದಿನಕ್ಕೆ ಎಷ್ಟೋ ಮನವಿ ಬರುತ್ತವೆ. ಉದ್ದನೆಯದನ್ನು ಪಿಎ ಕೈಗೆ ದಾಟಿಸುತ್ತಾರೆ, ಚಿಕ್ಕದನ್ನು ನಿಂತಲ್ಲೇ ಓದುತ್ತಾರೆ. ಮೊದಲ ಸಾಲಲ್ಲಿ ಬೇಡಿಕೆ, ಎರಡನೇ ಪ್ಯಾರಾದಲ್ಲಿ ಹಾನಿಯ ಲೆಕ್ಕ, ಮೂರನೆಯದರಲ್ಲಿ ಕಾನೂನಿನ ಕಲಂ, ಕೊನೆಗೆ ‘ತಾವು ಮಾಡಬೇಕಾದ ಕೆಲಸ’ ಎಂದು ಒಂದೇ ಸಾಲು. ಉಳಿದದ್ದೆಲ್ಲ ಲಗತ್ತು. ಕೊಟ್ಟ ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ.

ಹೊಗಳಿಕೆಯ ಬಿರುದುಗಳು ಬೇಡ, ಬೆದರಿಕೆಯೂ ಬೇಡ. ‘ಮುಂದಿನ ಸಲ ವೋಟು ಹಾಕಲ್ಲ’ ಎಂದು ಬರೆಯುವ ಅಗತ್ಯವೇ ಇಲ್ಲ. ಕೆಳಗಿರುವ ಸಹಿಗಳನ್ನು ಎಣಿಸಲು ಅವರಿಗೆ ಬರುತ್ತದೆ.

9. ಪ್ರಶ್ನೆಯನ್ನು ನೀವೇ ಬರೆದು ಕೊಡಿ

ಶಾಸಕರ ಬಳಿ ಇರುವ ದೊಡ್ಡ ಆಯುಧ ಸದನದ ಪ್ರಶ್ನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ ಕೊಡಬೇಕು. ಗಮನ ಸೆಳೆಯುವ ಸೂಚನೆ, ಶೂನ್ಯವೇಳೆ ಬೇರೆ ಇವೆ. ‘ನಮ್ಮ ಬಗ್ಗೆ ಸದನದಲ್ಲಿ ಮಾತಾಡಿ’ ಎಂದು ಬೇಡಿಕೊಳ್ಳುವ ಬದಲು ಹೀಗೆ ಬರೆದುಕೊಡಿ:

‘ಮಾನ್ಯ ಗೃಹ ಸಚಿವರು ದಯಮಾಡಿ ತಿಳಿಸುವರೇ: ಚಿತ್ರದುರ್ಗ ಜಿಲ್ಲೆಯಲ್ಲಿ ಕಳೆದ ಮೂರು ವರ್ಷಗಳಲ್ಲಿ ಬೆಳೆ ರಕ್ಷಣೆಗಾಗಿ ಬಂದ ಬಂದೂಕು ಪರವಾನಗಿ ಅರ್ಜಿಗಳೆಷ್ಟು? ತಾಲ್ಲೂಕುವಾರು ಮಂಜೂರಾದವು, ತಿರಸ್ಕೃತವಾದವು, ಬಾಕಿ ಇರುವವು ಎಷ್ಟು? ಪೊಲೀಸ್ ವರದಿ ಬಾರದೆ ಬಾಕಿ ಇರುವವು ಎಷ್ಟು? ಅವುಗಳ ವಿಲೇವಾರಿಗೆ ಸರ್ಕಾರ ಕೈಗೊಂಡ ಕ್ರಮವೇನು?’

ಅರಣ್ಯ ಸಚಿವರಿಗೆ ಇನ್ನೊಂದು ಪ್ರಶ್ನೆ: ಕಾಡುಹಂದಿಯಿಂದಾದ ಬೆಳೆ ಹಾನಿಯ ಅರ್ಜಿಗಳೆಷ್ಟು, ಪರಿಹಾರ ಕೊಟ್ಟಿದ್ದೆಷ್ಟು, 11ನೇ ಕಲಂ ಅಡಿ ಅನುಮತಿ ಕೇಳಿದವರೆಷ್ಟು, ಸಿಕ್ಕಿದ್ದು ಎಷ್ಟು ಜನಕ್ಕೆ? ಈ ಪ್ರಶ್ನೆ ವಿಧಾನಸೌಧದಿಂದ ಜಿಲ್ಲೆಗೆ ಇಳಿದು ಬಂದ ದಿನವೇ ಕಡತಗಳು ಕಪಾಟಿನಿಂದ ಹೊರಬರುತ್ತವೆ. ಉತ್ತರ ಬರುವ ಮೊದಲೇ ಅರ್ಧ ಕೆಲಸ ಆಗಿರುತ್ತದೆ.

10. ಕಾಲ ನೋಡಿ ಹೋಗಿ, ಬೇಲಿ ಏಳುವ ಮೊದಲೇ ಹೋಗಿ

ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಬಜೆಟ್ ಅಧಿವೇಶನ, ಮುಂಗಾರಿನಲ್ಲಿ ಒಂದು, ಡಿಸೆಂಬರ್ ಆಸುಪಾಸಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ. ಪ್ರಶ್ನೆಗೆ ಮುಂಚಿತ ಸೂಚನೆ ಬೇಕು. ಅಧಿವೇಶನದ ತಾರೀಖು ಪತ್ರಿಕೆಯಲ್ಲಿ ಬಂದ ವಾರದಲ್ಲೇ ನಿಮ್ಮ ಪ್ರಶ್ನೆ ಶಾಸಕರ ಕಚೇರಿಯಲ್ಲಿರಬೇಕು. ಕಲಾಪ ಶುರುವಾದ ಮೇಲೆ ಹೋದರೆ ತಡವಾಯಿತು. ಶೇಂಗಾ ಕೀಳುವ ಹೊತ್ತಿನ ಹಾನಿಯ ದಾಖಲೆ ಬೆಳಗಾವಿ ಅಧಿವೇಶನಕ್ಕೆ ಸರಿಯಾಗಿ ಕೈಯಲ್ಲಿರುತ್ತದೆ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಯನ್ನು ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಬಾರ್ಕ್, ಇಸ್ರೊಗಳಿಗೆ ಹಂಚಿದ್ದು ಮೇಯಿಸುವ ಜನಕ್ಕೆ ಸರಿಯಾಗಿ ತಿಳಿದಿದ್ದು ಬೇಲಿ, ಗೋಡೆ ಏಳತೊಡಗಿದಾಗ. ಆಮೇಲೆ ಹೋರಾಟ ನಡೆಯಿತು, ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಆದರೆ ಕಾಗದ ಮುಗಿದ ಮೇಲೆ ಹಿಂದಕ್ಕೆ ತಿರುಗಿಸುವುದು ಎಷ್ಟು ಕಷ್ಟ ಎಂಬುದನ್ನು ದೊಡ್ಡಉಳ್ಳಾರ್ತಿ, ಖುದಾಪುರದ ಸುತ್ತಿನ ಊರುಗಳು ಕಂಡಿವೆ. ತೀರ್ಮಾನ ಆಗುವ ಮೊದಲು ಆಡಿದ ಮಾತಿಗೆ ಇರುವ ಬೆಲೆ ಆಮೇಲಿನ ಘೋಷಣೆಗೆ ಇಲ್ಲ.

11. ಒಂದೇ ಬಾಗಿಲು ಬಡಿಯಬೇಡಿ

ವಿಧಾನಸಭೆಯ 224 ಸ್ಥಾನಗಳ ಜೊತೆ ವಿಧಾನ ಪರಿಷತ್ತಿನ 75 ಸ್ಥಾನಗಳೂ ಇವೆ. ಚಿತ್ರದುರ್ಗ–ದಾವಣಗೆರೆ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ, ಆಗ್ನೇಯ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಿಂದ ಆರಿಸಿ ಹೋದವರೂ ನಿಮ್ಮ ಪ್ರತಿನಿಧಿಗಳೇ. ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ ಮತದಾರರು ನಿಮ್ಮ ಗ್ರಾಮ ಪಂಚಾಯಿತಿ ಸದಸ್ಯರು. ಅವರ ಮಾತು ಅಲ್ಲಿ ನಡೆಯುತ್ತದೆ. ಕೇಂದ್ರದ ಕಾಯ್ದೆ, ನಿಯಮದ ಬದಲಾವಣೆ ಬೇಕಿದ್ದರೆ ಚಿತ್ರದುರ್ಗದ ಸಂಸದರಿಗೆ ಬೇರೆ ಮನವಿ ಕೊಡಿ. ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಯಲ್ಲಿ ಅರಣ್ಯ ಮತ್ತು ಇತರ ಇಲಾಖೆಗಳ ಅಧಿಕಾರಿಗಳು ಎದುರೇ ಕೂತಿರುತ್ತಾರೆ. ಸಭೆಗೆ ಮೊದಲೇ ಶಾಸಕರಿಗೆ ನೆನಪಿಸಿ, ವಿಷಯವನ್ನು ನಡಾವಳಿಗೆ ಸೇರಿಸುವಂತೆ ಕೇಳಿ.

ಆಡಳಿತ ಪಕ್ಷದವರಿಂದ ಕೆಲಸ ಆಗುತ್ತದೆ, ವಿರೋಧ ಪಕ್ಷದವರಿಂದ ಸದ್ದು ಆಗುತ್ತದೆ. ಎರಡೂ ಬೇಕು.

12. ಗೆದ್ದವರ ಹಾದಿ ಓದಿಕೊಳ್ಳಿ

ಕಂಬಳ ನೋಡಿ. ಜನವರಿ 2017ರಲ್ಲಿ ಕರಾವಳಿಯ ಜನ ಮೂಡುಬಿದಿರೆಯಲ್ಲಿ ಕೋಣಗಳೊಂದಿಗೆ ಸೇರಿದರು. ನಿಂತುಹೋದ ಕಂಬಳ ಮತ್ತೆ ನಡೆಯಲಿ ಎಂಬ ಬೇಡಿಕೆ ಒಂದೇ ಇತ್ತು, ಪಕ್ಷಭೇದ ಇರಲಿಲ್ಲ. ಫೆಬ್ರುವರಿಯಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ ಮಸೂದೆ ವಿಧಾನಸಭೆಯ ಒಪ್ಪಿಗೆ ಪಡೆಯಿತು. ತಿದ್ದಿ ಮತ್ತೆ ತಂದ ಮಸೂದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಮೇ 2023ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಎತ್ತಿನಗಾಡಿ ಓಟಕ್ಕೂ ಅದೇ ಕಾನೂನಿನ ಆಸರೆ. ಜನ ಕೇಳಿದರೆ ರಾಜ್ಯದ ಸದನ ಮಸೂದೆಯನ್ನೇ ಬರೆಯುತ್ತದೆ ಎಂಬುದಕ್ಕೆ ಇದು ನಮ್ಮ ಕಾಲದ ಸಾಕ್ಷಿ.

ಬಂದೂಕಿನ ವಿಷಯದಲ್ಲಿ ಕೊಡಗು ನೋಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯ ಬೇರು ಬ್ರಿಟಿಷರ ಕಾಲದಲ್ಲಿದೆ. ಇಂದು ಅದು ನಿಂತಿರುವುದು ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಂ ಅಡಿಯ ಕೇಂದ್ರ ಅಧಿಸೂಚನೆಯ ಮೇಲೆ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಯಿತು. ವಿನಾಯಿತಿಯನ್ನು ಪ್ರಶ್ನಿಸಿ ಹಾಕಿದ ಅರ್ಜಿಯನ್ನು 2021ರಲ್ಲಿ ಹೈಕೋರ್ಟ್ ಒಪ್ಪಲಿಲ್ಲ. ‘ಕೊಡಗಿಗೆ ಕೊಟ್ಟಿದ್ದನ್ನು ನಮಗೂ ಕೊಡಿ’ ಎಂಬುದು ಬಯಲುಸೀಮೆಯಲ್ಲಿ ನಿಲ್ಲುವ ವಾದವಲ್ಲ. ಅದರ ಹಿನ್ನೆಲೆ ಬೇರೆ. ಕಲಿಯಬೇಕಾದ್ದು ಅವರ ಜಾಗರೂಕತೆಯನ್ನು. ವಿನಾಯಿತಿಯ ಅವಧಿ ಯಾವಾಗ ಮುಗಿಯುತ್ತದೆ, ಯಾವ ಕಚೇರಿಗೆ ಯಾವಾಗ ಬರೆಯಬೇಕು ಎಂಬುದರ ಮೇಲೆ ಅಲ್ಲಿ ಕಣ್ಣಿಟ್ಟವರಿದ್ದಾರೆ.

ಚುನಾವಣೆ ಬಂದಾಗ ಬಂದೂಕು ಠಾಣೆಗೆ ಒಪ್ಪಿಸುವ ವಿಷಯದಲ್ಲೂ ಇದೇ ಜಾಗರೂಕತೆ ಬೇಕು. ಮಲೆನಾಡು, ಕರಾವಳಿಯ ಬೆಳೆಗಾರರು ಪ್ರತಿ ಚುನಾವಣೆಯಲ್ಲೂ ಈ ಮಾತು ಎತ್ತುತ್ತಾರೆ. ಯಾರ ಬಂದೂಕು ಒಪ್ಪಿಸಿಕೊಳ್ಳಬೇಕೆಂದು ಪರಿಶೀಲಿಸಲು ಜಿಲ್ಲಾ ಮಟ್ಟದಲ್ಲಿ ಸಮಿತಿ ಇರುತ್ತದೆ. ಜಿಲ್ಲಾಧಿಕಾರಿ, ಎಸ್ಪಿ ಅದರಲ್ಲಿರುತ್ತಾರೆ. ಹಾನಿಯ ದಾಖಲೆ ಲಗತ್ತಿಸಿ, ನಿಮ್ಮ ಮೇಲೆ ಯಾವ ಪ್ರಕರಣವೂ ಇಲ್ಲವೆಂದು ತಿಳಿಸಿ, ಗಡುವಿನೊಳಗೆ ವಿನಾಯಿತಿ ಅರ್ಜಿ ಕೊಡಿ. ಒಪ್ಪಿಸಿ ಎಂದು ಆದೇಶ ಬಂದರೆ ಒಪ್ಪಿಸಿ ರಸೀದಿ ಪಡೆಯಿರಿ. ಆದೇಶ ಮೀರಿದವನ ಲೈಸೆನ್ಸೂ ಹೋಗುತ್ತದೆ, ಊರಿನ ಬೇಡಿಕೆಯೂ ಬಿದ್ದುಹೋಗುತ್ತದೆ.

13. ಶಿಸ್ತೇ ನಿಮ್ಮ ವಾದ

ಮನವಿ ಕೊಡಲು ಹೋಗುವಾಗ, ಮೆರವಣಿಗೆಯಲ್ಲಿ, ಪ್ರತಿಭಟನೆಯಲ್ಲಿ ಬಂದೂಕು ಹಿಡಿದು ಬರಬೇಡಿ, ಫೋಟೊಗೂ ಬೇಡ. ಮದುವೆ, ಜಾತ್ರೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಲೈಸೆನ್ಸ್ ಇಲ್ಲದ ನಾಡಬಂದೂಕು, ಸಿಡಿಮದ್ದಿನ ಉಂಡೆ, ಹೊಲದ ಸುತ್ತ ಕಳ್ಳ ಕರೆಂಟಿನ ತಂತಿ ಇವು ಬೆಳೆ ಕಾಯುವ ದಾರಿಗಳಲ್ಲ. ಹಂದಿಗೆಂದು ಇಟ್ಟ ಮದ್ದನ್ನು ಹಸು ಕಚ್ಚುತ್ತದೆ, ತಂತಿಗೆ ಮನುಷ್ಯನೇ ಸಿಕ್ಕಿ ಸಾಯುತ್ತಾನೆ. ಅಂಥ ಒಂದು ಘಟನೆ ಸಾಕು, ನೂರು ಜನರ ಅರ್ಜಿ ಮೂಲೆ ಸೇರುತ್ತದೆ.

ಬಂದೂಕನ್ನು ಕಂಡು ಹೆದರುವವರ ಮಾತಿಗೂ ಜಾಗ ಕೊಡಿ. ಮನೆಯೊಳಗೆ ಕುಡಿದು ಜಗಳವಾದರೆ ಆ ಬಂದೂಕು ಎಲ್ಲಿರುತ್ತದೆ ಎಂದು ಹೆಣ್ಣುಮಕ್ಕಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡುತ್ತೇವೆ, ಮದ್ದು ಬೇರೆ ಕಡೆ ಇಡುತ್ತೇವೆ, ತರಬೇತಿ ಪಡೆಯುತ್ತೇವೆ, ಕುಡಿತ–ಹೊಡೆದಾಟದ ಹೆಸರಿದ್ದವರ ಪರ ನಿಲ್ಲುವುದಿಲ್ಲ ಎಂದು ಠರಾವಿನಲ್ಲೇ ಬರೆಯಿರಿ. ಸೌರಬೇಲಿ, ಕಂದಕ, ಸರದಿ ಕಾವಲಿಗೂ ಜೊತೆಜೊತೆಗೇ ನೆರವು ಕೇಳಿ. ಬೇಡಿಕೆ ಬೆಳೆ ಉಳಿಸುವುದಕ್ಕಾಗಿ, ಬಂದೂಕಿನ ಮೋಹಕ್ಕಾಗಿ ಅಲ್ಲ ಎಂಬುದು ಆಗ ಯಾರಿಗೂ ಅನುಮಾನವಿಲ್ಲದೆ ಕಾಣುತ್ತದೆ.

14. ಬೆನ್ನು ಬಿಡಬೇಡಿ

ಮನವಿ ಕೊಟ್ಟ ದಿನ ಕೆಲಸ ಶುರು. ‘ನೋಡೋಣ’ ಎಂದವರನ್ನು ಹದಿನೈದು ದಿನಕ್ಕೆ ಮತ್ತೆ ನೋಡಿ. ಅರ್ಜಿಯ ಗತಿ ತಿಳಿಯಲು ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿಯ ಅರ್ಜಿ ಹಾಕಿ; ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಕೊಡಬೇಕು. ಸದನದಲ್ಲಿ ಸಚಿವರು ‘ಕ್ರಮ ಕೈಗೊಳ್ಳಲಾಗುವುದು’ ಎಂದರೆ ಅದು ಭರವಸೆ. ಭರವಸೆಗಳನ್ನು ಬೆನ್ನಟ್ಟಲು ಸದನದಲ್ಲೇ ಸರ್ಕಾರಿ ಭರವಸೆಗಳ ಸಮಿತಿ ಇದೆ, ಜನರ ಅಹವಾಲಿಗೆ ಅರ್ಜಿಗಳ ಸಮಿತಿ ಇದೆ. ಅವುಗಳ ಮುಂದೆ ವಿಷಯ ತರುವಂತೆ ಶಾಸಕರನ್ನು ಕೇಳಿ.

ಕೆಲಸ ಮಾಡಿಕೊಟ್ಟವರಿಗೆ ಊರಿನ ಹೆಸರಲ್ಲಿ ಕೃತಜ್ಞತೆಯ ಪತ್ರ ಬರೆಯಿರಿ, ಅಧಿಕಾರಿಗಳಿಗೂ ಬರೆಯಿರಿ. ಊರಿನಲ್ಲಿ ಓದಿದ ಹುಡುಗನೋ ಹುಡುಗಿಯೋ ಒಬ್ಬರ ಕೈಗೆ ಕಡತ ವಹಿಸಿ. ಮನವಿ, ಸ್ವೀಕೃತಿ, ಉತ್ತರ, ಫೋಟೊ ಎಲ್ಲ ತಾರೀಖಿನ ಕ್ರಮದಲ್ಲಿರಲಿ. ಶಾಸಕರು ಬದಲಾಗುತ್ತಾರೆ, ಡಿಸಿ ವರ್ಗವಾಗುತ್ತಾರೆ. ಊರಿನ ಕಡತ ಊರಲ್ಲೇ ಉಳಿಯುತ್ತದೆ.

ಕೊನೆಗೆ

ನಮ್ಮ ನಾಡಿನಲ್ಲಿ ಆಯುಧದ ಹಕ್ಕಿಗಾಗಿ ಜನ ಪ್ರಾಣ ಕೊಟ್ಟ ಇತಿಹಾಸವಿದೆ. 1857ರಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಪ್ಪದೆ ಬ್ರಿಟಿಷರ ಸೈನ್ಯವನ್ನು ಎದುರಿಸಿದರು. ಊರು ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿದರು. ಅವರಿಗೆ ಮತವಿರಲಿಲ್ಲ, ಮನವಿ ಕೊಡಲು ಶಾಸಕರಿರಲಿಲ್ಲ, ಕಾರಣವನ್ನು ಬರಹದಲ್ಲಿ ಕೊಡಿ ಎಂದು ಕೇಳಲು ಕಾಯ್ದೆಯಿರಲಿಲ್ಲ. ನಮಗೆ ಇವು ಮೂರೂ ಇವೆ. ಇದ್ದೂ ಬಳಸದಿದ್ದರೆ ತಪ್ಪು ನಮ್ಮದೇ.

ಹಾಗಾಗಿ ಮುಂದಿನ ಗ್ರಾಮಸಭೆಯ ತಾರೀಖು ಇವತ್ತೇ ಪಂಚಾಯಿತಿಯಲ್ಲಿ ವಿಚಾರಿಸಿ. ಈ ವರ್ಷ ಹಂದಿ ಹಾಳುಮಾಡಿದ ಹೊಲಗಳ ಪಟ್ಟಿ ಅಲ್ಲಿಗೆ ಬರೆದುಕೊಂಡೇ ಹೋಗಿ. ಆ ಪಟ್ಟಿಯ ಮೊದಲ ಹೆಸರು ನಿಮ್ಮದಾಗಿರಲಿ, ಉಳಿದವರು ತಾವಾಗಿ ಬಂದು ಸಹಿ ಹಾಕುತ್ತಾರೆ.